ಕೊಟ್ಟ ಗಿಣ್ಣು

“ಕರ ನೋಡ್ಬೇಕು ಅನ್ನೋರು ಇವತ್ತೇ ಹೋಗಿ ನೋಡ್ಕೊಂಡ್ ಬಂದ್ಬುಡ್ರಪ್ಪ. ಚಿಕ್ಕಸ್ವಾಮಿ ಕೈಗೆ ಬಿದ್ದ ಬಾಲ ಯಾವ್ದೂ ವಾರ ಕಂಡಿಲ್ಲ.”

ಹಾಲಿನ ಡೈರಿಯ ಜಗುಲಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ ಅಧ್ಯಕ್ಷ ಹೊನ್ನಪ್ಪ ಇಷ್ಟು ಹೇಳಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿದ. ಬೆಳಗಿನ ಹಾಲು ಹಾಕಲು ಕ್ಯಾನು, ತಂಬಿಗೆ, ಬಕೇಟು ಹಿಡಿದು ನಿಂತಿದ್ದ ಸಾಲಿಗೆ ಸಾಲೇ ನಕ್ಕಿತು. ಹಾಲು ಅಳೆಯುತ್ತಿದ್ದ ತಮ್ಮಯ್ಯ ನಗುವ ಭರದಲ್ಲಿ ಯಾರದೋ ಹಾಲನ್ನು ನೆಲಕ್ಕೆ ತುಳುಕಿಸಿದ. ಹಾಲು ಚೆಲ್ಲಿಸಿಕೊಂಡವನೂ ನಕ್ಕ. ಹುಣಸೆಕೊಪ್ಪಲಿನಲ್ಲಿ ಹೊನ್ನಪ್ಪ ಮಾತಾಡಿದ ಮೇಲೆ ನಗದೆ ಇರುವುದು ಡೈರಿಗೆ ನೀರು ಬೆರೆಸಿದ ಹಾಲು ತಂದಷ್ಟೇ ದೊಡ್ಡ ಅಪರಾಧವಾಗಿತ್ತು.

ಚಿಕ್ಕಸ್ವಾಮಿ ಬಂದದ್ದು ಸಂತೋಷದ ಸುದ್ದಿ ಹೇಳಲು. ಕೋಳಿ ಕೂಗುವ ಹೊತ್ತಿಗೆ ಅವನ ಸೀಮೆಹಸು ಕರು ಹಾಕಿತ್ತು. ಹೆಣ್ಣುಗರು. ಹಣೆಯ ಮೇಲೆ ಯಾರೋ ಸುಣ್ಣದ ಬೆರಳಿಟ್ಟಂತೆ ಒಂದು ಬಿಳಿ ಮಚ್ಚೆ, ಉಳಿದದ್ದೆಲ್ಲ ಇದ್ದಿಲು ಕಪ್ಪು. ಇನ್ನು ಐದಾರು ದಿನ ಬಿಟ್ಟು ಡೈರಿಗೆ ಹಾಲು ತರುತ್ತೇನೆ ಎಂದು ಹೇಳಿ ಹೋಗೋಣವೆಂದು ಬರಿಗೈಲಿ ಬಂದಿದ್ದ. ಹೇಳಿಯೂ ಆಗಿತ್ತು. ಹೇಳುವಾಗ ಮುಖದಲ್ಲಿ ಸ್ವಲ್ಪ ನಗುವಿತ್ತೆಂದು ಕಾಣುತ್ತದೆ. ಆ ನಗುವೇ ಹೊನ್ನಪ್ಪನಿಗೆ ಚುಚ್ಚಿರಬೇಕು.

ಹೊನ್ನಪ್ಪ ಸುಳ್ಳನ್ನೇನೂ ಹೇಳಿರಲಿಲ್ಲ, ಅದೇ ಕಷ್ಟ. ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಕೈಯಿಂದ ಕೋಲು ಕಿತ್ತುಕೊಂಡು ಮುರಿದು ಸ್ಕೂಲು ಬಿಟ್ಟ ಮೇಲೆ ಈ ಸೀಮೆಹಸುವನ್ನು ಬಿಟ್ಟರೆ ಚಿಕ್ಕಸ್ವಾಮಿ ಸಾಕಿದ ಪ್ರಾಣಿಯೊಂದೂ ಉಳಿದಿರಲಿಲ್ಲ. ಕೋಳಿಮರಿಗಳು ಸುಣ್ಣದಂಥ ಬಿಳಿ ಹಿಕ್ಕೆ ಹಾಕಿ ಹಾಕಿ ಕತ್ತು ವಾಲಿಸಿದವು. ಬನ್ನೂರು ಟಗರೊಂದು ಕಣದಲ್ಲಿ ಹೊಟ್ಟೆ ಬಿರಿಯ ರಾಗಿ ಮೇದು, ಕರುಳುಬೇನೆ ಬಂದು, ಬೆಳಗಾಗುವುದರೊಳಗೆ ಕಾಲು ಸೆಟೆದುಕೊಂಡಿತು. ಎಮ್ಮೆಗರು ರಕ್ತಭೇದಿಯಲ್ಲಿ ಹೋಯಿತು. ಒಂದಕ್ಕಾದರೂ ಹಾವು ಕಚ್ಚಿರಲಿಲ್ಲ, ಒಂದಾದರೂ ಬಾವಿಗೆ ಬಿದ್ದಿರಲಿಲ್ಲ. ಎಲ್ಲವೂ ಹೊಟ್ಟೆ ಕೆಡಿಸಿಕೊಂಡು, ಬಾಲ ಒದ್ದೆ ಮಾಡಿಕೊಂಡೇ ಸತ್ತಿದ್ದವು. ಊರಿನವರು ಅವನಿಗೆ ಬೇದಿಚಿಕ್ಕ ಎಂದು ಹೆಸರಿಟ್ಟು, ಆ ಹೆಸರನ್ನು ಅವನೆದುರಿಗೆ ಹೇಳುವ ಧೈರ್ಯವಿಲ್ಲದೆ ಹಿಂದಿನಿಂದ ಮಾತ್ರ ಕರೆಯುತ್ತಿದ್ದರು.

“ಈ ಕರ ಬದುಕ್ತದೆ,” ಅಂದ ಚಿಕ್ಕಸ್ವಾಮಿ. ಕೆನ್ನೆ ಬಿಸಿಯಾಗಿತ್ತು. “ಬದುಕ್ಲಿಲ್ಲ ಅಂದ್ರೆ ಇದೇ ಜಗ್ಲಿ ಮೇಲೆ ಕೂತ್ಕೊಂಡು ಮೀಸೆ ಬೋಳಿಸ್ಕೊತೀನಿ.”

“ಮೀಸೆ ಇದ್ರೆ ತಾನೇ ಬೋಳ್ಸೋದು,” ಅಂದ ಹೊನ್ನಪ್ಪ. “ಇರ್ಲಿ ಬುಡು. ಅದು ಸಾಯಕ್ ಮುಂಚೆ ಗಿಣ್ಣಾದ್ರೂ ಕಳ್ಸ್ಲಾ.”

ಮೀಸೆ ದೊಡ್ಡ ವಿಷಯವಲ್ಲ, ಬೆಳೆಯುತ್ತದೆ. ಆದರೆ ಚಿಕ್ಕಸ್ವಾಮಿಯ ಸೋದರಮಾವ ಕುಳ್ಳಯ್ಯ ಬೆಳ್ಳೂರು ಕ್ರಾಸಿನಲ್ಲಿ ಹೋಟೆಲ್ಲು ಇಟ್ಟುಕೊಂಡಿದ್ದ. ಹಾಸನದ ಕಡೆ ಹೋಗುವ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಈ ಕರುವೂ ಹೋದರೆ ಹಸುವನ್ನು ತಮ್ಮನ ಕೊಟ್ಟಿಗೆಗೆ ಹೊಡೆದು, ಮಗನನ್ನು ತಮ್ಮನ ಹೋಟೆಲಿಗೆ ತಟ್ಟೆ ತೊಳೆಯಲು ಕಳಿಸುತ್ತೇನೆಂದು ತಾಯಿ ದೊಡ್ಡತಾಯಮ್ಮ ಹೇಳಿಬಿಟ್ಟಿದ್ದಳು. ಅವಳು ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವವಳಲ್ಲ. ಲಾರಿ ಡ್ರೈವರುಗಳ ಎಂಜಲು ತಟ್ಟೆ ಮತ್ತು ಚಿಕ್ಕಸ್ವಾಮಿಯ ನಡುವೆ ಈಗ ಉಳಿದಿದ್ದದ್ದು ಹಣೆಯಲ್ಲಿ ಬಿಳಿ ಮಚ್ಚೆಯ ಆ ಕರು ಒಂದೇ.

ಅವನು ಮನೆಗೆ ಬರುವ ಹೊತ್ತಿಗೆ ಗಿಣ್ಣಿನ ಸಡಗರ ಶುರುವಾಗಿತ್ತು. ದೊಡ್ಡತಾಯಮ್ಮ ಪಡಸಾಲೆಯಲ್ಲಿ ಮನೆಯ ಪಾತ್ರೆಪಡಗವನ್ನೆಲ್ಲ ಹರವಿಕೊಂಡು ಕೂತಿದ್ದಳು. ಅವರ ನಾಟಿ ಹಸು ತೀರಿಕೊಂಡ ಮೇಲೆ ಆ ಮನೆಯಲ್ಲಿ ಗಿಣ್ಣು ಕಾದಿರಲಿಲ್ಲ. ಅಷ್ಟು ವರ್ಷವೂ ಯಾರ ಮನೆಯಲ್ಲಿ ಹಸು ಈದರೂ ದೊಡ್ಡತಾಯಮ್ಮನಿಗೆ ಒಂದು ಲೋಟ ಬರುತ್ತಿತ್ತು. ಯಾವ ಮನೆಯಿಂದ ಎಷ್ಟು ಬಂತು, ಬೆಲ್ಲ ಹಾಕಿದ್ದರೋ ಇಲ್ಲವೋ, ಏಲಕ್ಕಿ ಇತ್ತೋ ಇಲ್ಲವೋ, ಎಲ್ಲ ಅವಳ ನಾಲಿಗೆಯ ಮೇಲಿತ್ತು. ಇವತ್ತು ಆ ಋಣವೆಲ್ಲ ಒಂದೇ ಹಸುವಿನ ಕೆಚ್ಚಲಿನಿಂದ ತೀರಬೇಕು. ತಾನಿನ್ನೂ ಊರಿನಲ್ಲಿ ಕೊಡುವ ಕೈಯೇ ಎಂದು ಎಲ್ಲರಿಗೂ ಗೊತ್ತಾಗಬೇಕು.

ಕೊಟ್ಟಿಗೆಯ ಮೂಲೆಯಲ್ಲಿ ಕರು ಕಟ್ಟಿತ್ತು. ಹಸುವಿಗೆ ಈದ ಮೇಲೆ ಬೀಳುವ ಮಾಸು ಇನ್ನೂ ಬಿದ್ದಿರಲಿಲ್ಲ. ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬುದು ಆ ಮನೆಯ ಶಾಸ್ತ್ರ. ಬರೀ ಆ ಮನೆಯದೇನು, ಆ ಸೀಮೆಯದೇ. ಪಕ್ಕದ ಮನೆಯ ಬೆಟ್ಟಮ್ಮಜ್ಜಿ ಊರುಗೋಲಿನ ಮೇಲೆ ಗದ್ದವಿಟ್ಟುಕೊಂಡು ಬಾಗಿಲಲ್ಲೇ ಕಾವಲಿದ್ದಳು.

“ಕರ ಅರಚ್ತಾ ಐತಲ್ಲವ್ವ,” ಅಂದ ಚಿಕ್ಕಸ್ವಾಮಿ.

“ಅರಚ್ಲಿ ಬುಡು. ಹಸಿ ಗಿಣ್ಣು ಕುಡುದ್ರೆ ಕರೀನ ಹೊಟ್ಟೆ ಕೆಟ್ಟೋಯ್ತದೆ,” ಅಂದಳು ಬೆಟ್ಟಮ್ಮ. ಒಂದೇ ಉಸಿರಿಗೆ, ತನಗೆ ಹಲ್ಲಿಲ್ಲವಾದ್ದರಿಂದ ತನ್ನ ಪಾಲಿನ ಗಿಣ್ಣು ಸ್ವಲ್ಪ ಮೆತ್ತಗಿರಲಿ ಎಂದೂ ಸೇರಿಸಿದಳು.

ಹೊಟ್ಟೆ ಕೆಡುವ ಮಾತು ಕೇಳಿದ್ದೇ ಚಿಕ್ಕಸ್ವಾಮಿ ತೆಪ್ಪಗಾದ. ಹೊಟ್ಟೆಯ ವಿಷಯದಲ್ಲಿ ಅವನು ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು.

ದೊಡ್ಡತಾಯಮ್ಮ ಕೆಚ್ಚಲಿಗೆ ಕೈ ಹಾಕಿದಾಗ ಬಂದ ಮೊದಲ ಹಾಲು ಹಾಲಿನಂತಿರಲಿಲ್ಲ. ಅರಿಶಿನ ಕದಡಿದ ಜೇನಿನಂತೆ, ತಂಬಿಗೆಯ ತಳಕ್ಕೆ ಸದ್ದಿಲ್ಲದೆ ಇಳಿಯುತ್ತಿತ್ತು. ಅದನ್ನು ನೋಡುತ್ತ ನಿಂತಿದ್ದ ಚಿಕ್ಕಸ್ವಾಮಿಗೆ ಹೊನ್ನಪ್ಪನ ದವಡೆ ಕಣ್ಣ ಮುಂದೆ ಬಂತು. ಸಾಯುವ ಮುಂಚೆ ಗಿಣ್ಣು ಕಳಿಸು ಅಂದನಲ್ಲ. ಕಳಿಸುತ್ತೇನೆ. ಲೋಟವಲ್ಲ, ಚೊಂಬಿನ ತುಂಬ ಕಳಿಸುತ್ತೇನೆ. ತಿಂದು ಗಂಟಲು ಕಟ್ಟಲಿ. ಮನೆಯ ದೊಡ್ಡ ಹಿತ್ತಾಳೆ ಚೊಂಬನ್ನು ತಾನೇ ಕೆಚ್ಚಲ ಕೆಳಗೆ ಹಿಡಿದು, ಕಂಠಮಟ್ಟ ತುಂಬಿಸಿ, ಟವಲು ಮುಚ್ಚಿ ಹೊರಟೇಬಿಟ್ಟ. ಇಷ್ಟೊಂದು ಯಾರಿಗೋ ಎಂದು ತಾಯಿ ಕೂಗಿದ್ದು ಬೀದಿಯ ತಿರುವಿನಲ್ಲಿ ಕೇಳಿಸಿತು. ಸಿಟ್ಟು ಬಂದಾಗ ದಾನ ಮಾಡುವ ಗಂಡಸರ ಪೈಕಿ ಅವನು.

ಹೊನ್ನಪ್ಪನ ಮನೆಯಲ್ಲಿ ಹೆಂಡತಿ ಪಾರ್ವತಮ್ಮ ಇರಲಿಲ್ಲ. ಮಗಳ ಬಾಣಂತನಕ್ಕೆಂದು ಕೆ.ಆರ್. ಪೇಟೆಗೆ ಹೋಗಿದ್ದಳು. ಹೊನ್ನಪ್ಪ ಚೊಂಬನ್ನೂ ಚಿಕ್ಕಸ್ವಾಮಿಯ ಮುಖವನ್ನೂ ಒಂದೊಂದು ಸಲ ನೋಡಿ, ಕಾಯಿಸುವವಳು ಬರುವ ತನಕ ಇರಲಿ ಎಂದು ಚೊಂಬಿನ ಸಮೇತ ಫ್ರಿಜ್ಜಿನಲ್ಲಿ ಇಡಿಸಿದ. ಊರಿಗೆ ಅದೊಂದೇ ಫ್ರಿಜ್ಜು. ನಡುಮನೆಯಲ್ಲಿ ದೇವರ ಪಟಗಳ ಕೆಳಗೆ ನಿಲ್ಲಿಸಿ, ಮೇಲೆ ಕಸೂತಿ ಬಟ್ಟೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಗಿಳಿ ಕೂರಿಸಿದ್ದರು. ಬಾಗಿಲು ತೆರೆದರೆ ಒಳಗೆ ದೀಪ ಹತ್ತುತ್ತದೆಂದು ಹೊನ್ನಪ್ಪ ಎರಡು ಸಲ ತೆರೆದು ತೋರಿಸಿದ. ಒಳಗೆ ನೀರಿನ ಬಾಟಲಿಗಳನ್ನು ಬಿಟ್ಟರೆ ಅರ್ಧ ತೆಂಗಿನಕಾಯಿ ಇತ್ತು.

ಉಳಿದ ಪಾತ್ರೆಗಳೂ ಹೊರಟವು. ಮೇಲಿನ ಬೀದಿ, ಕೆಳಗಿನ ಬೀದಿ, ಬಸ್ಸು ನಿಲ್ಲುವಲ್ಲಿನ ಅಂಗಡಿ, ದೇವಲಾಪುರದ ದನದ ಆಸ್ಪತ್ರೆ. ಆಸ್ಪತ್ರೆಯ ಕಾಂಪೌಂಡರ್ ನರಸಯ್ಯ ಆ ದಾರಿಯಾಗಿ ಸೈಕಲ್ಲಿನಲ್ಲಿ ಹೋಗುವವನು. ಕಷ್ಟ ಬಂದಾಗ ಡಾಕ್ಟರು ಸಿಗದೆ ಹೋದಾರು ಎಂಬ ಮುಂದಾಲೋಚನೆಯಿಂದ, ಕಾಯಿಸಿ ಏಲಕ್ಕಿ ಹಾಕಿದ ಗಿಣ್ಣನ್ನು ಸ್ಟೀಲ್ ಡಬ್ಬಿಗೆ ತುಂಬಿ, ಡಾಕ್ಟರ ಮನೆಗೆಂದು ಅವನ ಕೈಲಿ ಕೊಟ್ಟದ್ದಾಯಿತು. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಮಾಸು ಬಿತ್ತು. ಆಗ ಕರುವನ್ನು ಬಿಟ್ಟರು. ಕರು ಓಡಿಹೋಗಿ ಕೆಚ್ಚಲು ಗುದ್ದಿತು, ಬಾಲ ಆಡಿಸಿತು, ಚಪ್ಪರಿಸಿತು. ಅದಕ್ಕೆ ಆ ದಿನ ದಕ್ಕಿದ್ದು ಬಹುಪಾಲು ಚಪ್ಪರಿಸುವ ಶಬ್ದವೇ. ಸಂಜೆ ಮತ್ತೆ ಕೆಚ್ಚಲು ತುಂಬುವಷ್ಟರಲ್ಲಿ ಕೆಳಗಿನ ಬೀದಿಯ ಪಾತ್ರೆಗಳು ಬಂದು ಕಾಯುತ್ತಿದ್ದವು.

ಮೂರನೆಯ ದಿನ ಕರು ಬಾಲ ಎತ್ತಿತು. ಬಂದದ್ದು ಸುಣ್ಣದ ತಿಳಿಯಂಥದ್ದು. ಕೊಟ್ಟಿಗೆಗೆ ಕಾಲಿಟ್ಟವರು ಮೂಗು ಮುಚ್ಚಬೇಕು, ಅಂಥ ನಾತ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿತ್ತು, ಕಿವಿ ತಣ್ಣಗಾಯಿತು. ಎಬ್ಬಿಸಿ ನಿಲ್ಲಿಸಿದರೆ ಮುಂಗಾಲು ಮಡಚಿಕೊಂಡು ಕುಸಿಯುತ್ತಿತ್ತು. ಚಿಕ್ಕಸ್ವಾಮಿ ಅದರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಈ ವಾಸನೆ ಅವನಿಗೆ ಗುರುತಿತ್ತು. ಕೋಳಿಮರಿಗಳು, ಟಗರು, ಎಮ್ಮೆಗರು, ಎಲ್ಲ ಒಟ್ಟಿಗೆ ಬಂದು ಕೊಟ್ಟಿಗೆಯಲ್ಲಿ ನಿಂತು ಅವನನ್ನೇ ನೋಡಿದಂತಾಯಿತು.

ಸುದ್ದಿ ಹರಡಿತು, ಪಾತ್ರೆಗಳು ವಾಪಸ್ಸು ಬರತೊಡಗಿದವು. ಗಿಣ್ಣಿನ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು. ಒಂದು ಹಿಡಿ ಅಕ್ಕಿಯೋ, ಒಂದು ಅಚ್ಚು ಬೆಲ್ಲವೋ ಹಾಕಿ ಕೊಡಬೇಕು. ಈ ಸಲ ಪ್ರತಿ ಪಾತ್ರೆಯಲ್ಲೂ ಒಂದೊಂದು ಔಷಧಿ ಕೂತಿತ್ತು. ದಾಳಿಂಬೆ ಸಿಪ್ಪೆ, ಮಾವಿನ ಚಕ್ಕೆ, ಸೀಬೆ ಚಿಗುರು, ಮಜ್ಜಿಗೆಯಲ್ಲಿ ಕದಡಿದ ಮೆಂತ್ಯ, ಯಾರದೋ ಅಜ್ಜನಿಗೆ ತಂದು ಮಿಕ್ಕಿದ್ದ ಮಾತ್ರೆ. ಗಿಣ್ಣು ತಿಂದು ತುಟಿ ಒರೆಸಿಕೊಂಡವರೆಲ್ಲ ಈಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತಲೆಗೊಂದು ಮಾತಾಡಿದರು. ಒಬ್ಬ ಹೊಟ್ಟೆಯ ಮೇಲೆ ಬರೆ ಎಳೆಯಬೇಕೆಂದ. ಚಿಕ್ಕಸ್ವಾಮಿ, ಮೊದಲು ನಿನ್ನ ಹೊಟ್ಟೆಗೆ ಎಳೆಯುತ್ತೇನೆ ಬಾ ಎಂದು ಕುಡುಗೋಲು ಹುಡುಕಿದ ಮೇಲೆ ಆ ಸಲಹೆ ಹಿಂದಕ್ಕೆ ಹೋಯಿತು.

ಬೆಟ್ಟಮ್ಮಜ್ಜಿ ಕರುವಿನ ಕಣ್ಣ ರೆಪ್ಪೆ ಎತ್ತಿ ನೋಡಿ, ಇದು ಹೊಟ್ಟೆಯದಲ್ಲ, ದೃಷ್ಟಿ ಎಂದಳು. ಡೈರಿಯಲ್ಲಿ ಹೊನ್ನಪ್ಪ ಆಡಿದ ಮಾತು ಎಲ್ಲರಿಗೂ ನೆನಪಿತ್ತು. ಅವನ ಬರಿಗಾಲಿನ ಹೆಜ್ಜೆಯ ಮಣ್ಣು ತಂದು, ಉಪ್ಪು ಮೆಣಸಿನಕಾಯಿ ಸೇರಿಸಿ ನಿವಾಳಿಸಬೇಕು. ಮಗನಿಗೆ ನಂಬಿಕೆ ಬರಲಿಲ್ಲ. ಆದರೆ ದೊಡ್ಡತಾಯಮ್ಮ ಬೆಳ್ಳೂರು ಕ್ರಾಸು ಎಂದು ಬಾಯಿ ಬಿಟ್ಟು ಹೇಳದಿದ್ದರೂ ಆ ದಿಕ್ಕಿಗೆ ಒಂದು ಸಲ ನೋಡಿದಳು. ಅವನು ಎದ್ದ.

ಹೊನ್ನಪ್ಪನ ಬರಿಗಾಲು ಸಿಗುವುದು ಸುಲಭವಿರಲಿಲ್ಲ. ಅಂಗಳಕ್ಕೆ ಸಿಮೆಂಟು, ಬೀದಿಗೆ ಚಪ್ಪಲಿ. ಅವನು ಮನೆಯಲ್ಲಿ ಕಕ್ಕಸು ಕಟ್ಟಿಸಿದ್ದ, ಆದರೆ ಅದರಲ್ಲಿ ಹಸುವಿನ ಫೀಡಿನ ಮೂಟೆಗಳನ್ನಿಟ್ಟು ಬೀಗ ಹಾಕಿದ್ದ. ಆದ್ದರಿಂದ ಬೆಳಗಾದರೆ ಅಧ್ಯಕ್ಷರೂ ಕೆರೆಯ ಕಡೆಗೇ ಹೋಗಬೇಕು. ಮಾರನೆಯ ಬೆಳಿಗ್ಗೆ ಚಿಕ್ಕಸ್ವಾಮಿ ಹೊಂಗೆಮರದ ಹಿಂದೆ ಅಡಗಿ ಕಾದ. ಹೊನ್ನಪ್ಪ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ದಡದ ಹಸಿಮಣ್ಣಿನಲ್ಲಿ ಐದು ಬೆರಳೂ ಅಚ್ಚೊತ್ತಿದ ಹೆಜ್ಜೆ ಮೂಡಿತು. ಚಿಕ್ಕಸ್ವಾಮಿ ಸದ್ದಿಲ್ಲದೆ ಹೋಗಿ, ಮಂಡಿಯೂರಿ, ಎರಡೂ ಕೈಯಲ್ಲಿ ಅದನ್ನು ಬಾಚುವ ಹೊತ್ತಿಗೆ ಹೊನ್ನಪ್ಪ ಹಿಂದಿರುಗಿದ.

ಕಾಲ ಬುಡದಲ್ಲಿ ಬಗ್ಗಿದ್ದ ಹುಡುಗನನ್ನು ಹೊನ್ನಪ್ಪ ಕೆಳಗಿನಿಂದ ಮೇಲಕ್ಕೆ ನೋಡಿದ. ಮುಖ ಮೆಲ್ಲಗೆ ಅರಳಿತು.

“ಏಳ್ಲಾ ಮೇಲೆ. ದೊಡ್ಡೋರು ಅಂದ್ಮೇಲೆ ಒಂದ್ ಮಾತು ಅಂತಾರೆ, ಅದ್ಕೆ ಇಂಗೆ ಕಾಲ್ಗ್ ಬೀಳಾದಾ? ಮನ್ಸಲ್ಲಿ ಏನೂ ಮಡಿಕ್ಕಂಡಿಲ್ಲ ಕಣ್ಲಾ ನಾನು.”

ಚಿಕ್ಕಸ್ವಾಮಿ ಮಣ್ಣಿನ ಮುಷ್ಟಿಯನ್ನು ಬೆನ್ನ ಹಿಂದೆ ಅಡಗಿಸಿದ. ಹೊನ್ನಪ್ಪ ಅವನ ತಲೆಯ ಮೇಲೆ ಒದ್ದೆ ಕೈಯಿಟ್ಟು ಒಳ್ಳೆಯದಾಗಲಿ ಅಂದು ಹೋದ. ಆ ಒದ್ದೆ ಕೈ ಯಾವ ಕೈ ಎಂದು ಹೊಳೆದಾಗ ಚಿಕ್ಕಸ್ವಾಮಿ ಕೆರೆಗೆ ತಲೆಯಿಟ್ಟು ಮೂರು ಸಲ ಮುಳುಗಿದ.

ಬೆಳಗಿನ ಹಾಲಿನ ಹೊತ್ತಿಗೆ ಬೇದಿಚಿಕ್ಕ ಹೊನ್ನಪ್ಪನ ಕಾಲು ಹಿಡಿದನಂತೆ ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ನಿವಾಳಿಸಿದ್ದೂ ಆಯಿತು, ಒಲೆಗೆ ಹಾಕಿದ ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದ್ದೂ ಆಯಿತು. ಕರು ಮಾತ್ರ ಕೆಮ್ಮಲೂ ಶಕ್ತಿಯಿಲ್ಲದೆ ಮಲಗಿತ್ತು. ಚಿಕ್ಕಸ್ವಾಮಿ ಸೈಕಲ್ ಹತ್ತಿ ದೇವಲಾಪುರಕ್ಕೆ ತುಳಿದ.

ಡಾಕ್ಟರ್ ರಘುನಂದನ್ ಮೈಸೂರಿನವರು. ಹಿಂದಿನ ವರ್ಷವಷ್ಟೇ ಬಂದಿದ್ದರು. ಎಂ-80 ಗಾಡಿಯಲ್ಲಿ ನರಸಯ್ಯನನ್ನು ಹಿಂದೆ ಕೂರಿಸಿಕೊಂಡು ಮಧ್ಯಾಹ್ನಕ್ಕೇ ಬಂದರು. ಕರುವಿನ ಬಾಲ ಎತ್ತಿ ನೋಡಿದರು, ಥರ್ಮಾಮೀಟರ್ ಇಟ್ಟರು, ಕತ್ತಿನ ಚರ್ಮ ಹಿಡಿದೆಳೆದು ಬಿಟ್ಟು ಅದು ಎಷ್ಟು ನಿಧಾನವಾಗಿ ಹಿಂದಕ್ಕೆ ಹೋಗುತ್ತದೆಂದು ನೋಡಿದರು. ಕೊಟ್ಟಿಗೆಯ ಬಾಗಿಲಲ್ಲಿ ಊರಿನ ಅರ್ಧ ನೆರೆದಿತ್ತು.

“ಹುಟ್ಟಿದ ಮೇಲೆ ಗಿಣ್ಣು ಎಷ್ಟು ಕುಡಿಸಿದ್ರಿ?” ಎಂದು ಕೇಳಿದರು.

ದೊಡ್ಡತಾಯಮ್ಮ ಸೆರಗು ಸರಿಮಾಡಿಕೊಂಡಳು.

“ಕರೀಗ್ಯಾಕ್ ಸ್ವಾಮಿ ಗಿಣ್ಣು? ಗಿಣ್ಣು ಕುಡುದ್ರೆ ಬೇದಿ ಆಯ್ತದಲ್ವಾ?”

ಡಾಕ್ಟರು ಸಿಟ್ಟಾಗಲಿಲ್ಲ. ಇದೇ ಮಾತನ್ನು ದಿನಕ್ಕೊಂದು ಊರಿನಲ್ಲಿ ಕೇಳಿದವರಂತೆ ನಿಟ್ಟುಸಿರು ಬಿಟ್ಟು ವಿವರಿಸಿದರು. ಕರು ತಾಯ ಹೊಟ್ಟೆಯಿಂದ ಬರುವಾಗ ರೋಗ ತಡೆಯುವ ಬಲವನ್ನು ತರುವುದಿಲ್ಲ. ಅದು ಬರುವುದು ಮೊದಲ ಗಿಣ್ಣಿನಲ್ಲಿ. ಹುಟ್ಟಿದ ಒಂದೆರಡು ಗಂಟೆಯೊಳಗೆ, ಮಾಸು ಬೀಳಲಿ ಬಿಡಲಿ, ಹೊಟ್ಟೆ ತುಂಬ ಕುಡಿಸಬೇಕು. ಕುಡಿಸದಿದ್ದರೆ ಕೊಟ್ಟಿಗೆಯ ಸಗಣಿಯಲ್ಲಿರುವ ಕ್ರಿಮಿ ಕರುಳಿಗೆ ಹೋಗಿ ಹೀಗೆ ಬಿಳಿ ಭೇದಿಯಾಗುತ್ತದೆ. ಇಷ್ಟು ಹೇಳಿ ಅವರು ಬ್ಯಾಗಿನಿಂದ ಸೂಜಿ ತೆಗೆಯುತ್ತ ಕೇಳಿದರು.

“ಇಷ್ಟು ದೊಡ್ಡ ಕೆಚ್ಚಲಿನ ಹಸು. ಗಿಣ್ಣೆಲ್ಲ ಎಲ್ಲಿಗೆ ಹೋಯ್ತಮ್ಮ?”

ಬಾಗಿಲಲ್ಲಿದ್ದ ಊರು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಒಬ್ಬ ಜಂತೆ ನೋಡಿದ, ಒಬ್ಬಳು ಕಾಲ್ಬೆರಳು ನೋಡಿಕೊಂಡಳು. ತಮ್ಮಯ್ಯನಿಗೆ ಡೈರಿಯಲ್ಲಿ ಏನೋ ಕೆಲಸ ನೆನಪಾಯಿತು. ಬೆಟ್ಟಮ್ಮಜ್ಜಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸದಾಯಿತು.

“ನಿಮ್ಮನೆಗೂ ಬಂದಿತ್ತಲ್ಲ ಸಾ,” ಅಂದ ನರಸಯ್ಯ, ಸಹಾಯ ಮಾಡುವ ದನಿಯಲ್ಲಿ. “ಏಲಕ್ಕಿ ಹಾಕಿದ್ದು. ಮೇಡಮ್ಮೋರು ಡಬ್ಬಿ ತೊಳ್ದು ಮಡಗವ್ರೆ.”

ಡಾಕ್ಟರ ಕೈಯ ಸೂಜಿ ಒಂದು ಗಳಿಗೆ ನಿಂತಿತು. ಅವರು ಆ ಮೇಲೆ ಉಪದೇಶದ ಮಾತಾಡಲಿಲ್ಲ. ಇಂಜೆಕ್ಷನ್ ಕೊಟ್ಟರು, ಮಾತ್ರೆ ಕೊಟ್ಟರು, ಉಪ್ಪು ಸಕ್ಕರೆ ನೀರು ಗಂಟೆಗೊಮ್ಮೆ ಕುಡಿಸಬೇಕೆಂದರು. ಕೈ ತೊಳೆಯುತ್ತ ಚಿಕ್ಕಸ್ವಾಮಿಯೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು. ಮೊದಲ ದಿನದ ಹಸಿ ಗಿಣ್ಣು ಎಲ್ಲಾದರೂ ಉಳಿದಿದ್ದರೆ ತಂದು ಕುಡಿಸು. ಇನ್ನು ಅದು ಮೈಗೆ ಹತ್ತುವ ಕಾಲ ಮುಗಿಯಿತು, ಆದರೂ ಕರುಳಿಗೆ ಒಳಗಿನಿಂದ ಕಾವಲು ನಿಲ್ಲುತ್ತದೆ. ಕಾಯಿಸಿದ್ದು ಪ್ರಯೋಜನವಿಲ್ಲ, ಹಸಿಯದೇ ಆಗಬೇಕು. ಈಗಿರುವ ಸ್ಥಿತಿಯಲ್ಲಿ ಔಷಧಿಯೊಂದನ್ನೇ ನಂಬಿ ಧೈರ್ಯ ಹೇಳಲಾರೆ.

ಕಾಯಿಸದೆ ಉಳಿದ ಗಿಣ್ಣು. ಊರಿನ ಒಲೆಗಳನ್ನೆಲ್ಲ ಚಿಕ್ಕಸ್ವಾಮಿ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದ. ಒಂದು ಕಡೆ ಮಾತ್ರ ಒಲೆ ಹತ್ತಿರಲಿಲ್ಲ. ಅಲ್ಲಿ ಬಾಗಿಲು ತೆರೆದರೆ ದೀಪ ಹತ್ತುತ್ತದೆ.

ಅವನು ಕೊಟ್ಟಿಗೆಯಲ್ಲಿ ಬಹಳ ಹೊತ್ತು ಕೂತ. ಕೊಟ್ಟದ್ದನ್ನು ವಾಪಸ್ಸು ಕೇಳುವುದೆಂದರೆ ಆ ಸೀಮೆಯಲ್ಲಿ ಉಗುಳಿದ್ದನ್ನು ನೆಕ್ಕಿದಂತೆ. ಅದರಲ್ಲೂ ಗಿಣ್ಣು. ಅದರಲ್ಲೂ ಹೊನ್ನಪ್ಪನನ್ನು. ಬೆಳ್ಳೂರು ಕ್ರಾಸಿಗೆ ಹೋದರೇನಂತೆ, ತಟ್ಟೆ ತೊಳೆಯುವವನ ಮುಖವನ್ನು ಯಾವ ಲಾರಿಯವನೂ ನೋಡುವುದಿಲ್ಲ. ಅಷ್ಟರಲ್ಲಿ ಕರು ಕತ್ತು ಚಾಚಿ ಅವನ ಹೆಬ್ಬೆರಳನ್ನು ಬಾಯಿಗೆ ತೆಗೆದುಕೊಂಡಿತು. ಚೀಪಲು ಶಕ್ತಿಯಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿತ್ತು. ಬಾಯಿ ಒಳಗೂ ತಣ್ಣಗಿತ್ತು. ಮೆಲ್ಲಗೆ ಬೆರಳು ಬಿಡಿಸಿಕೊಂಡು ಅವನು ಎದ್ದ.

ಸಂಜೆಯ ಹಾಲಿನ ಸಾಲು ನಿಂತಿತ್ತು. ಹೊನ್ನಪ್ಪ ಜಗುಲಿಯ ಮೇಲಿದ್ದ. ಚಿಕ್ಕಸ್ವಾಮಿ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದ. ಹೊನ್ನಪ್ಪ ಕಿವಿಗೆ ಕೈ ಇಟ್ಟುಕೊಂಡು, ಕೇಳಿಸಲಿಲ್ಲ, ಜೋರಾಗಿ ಹೇಳು ಅಂದ.

“ನಾನ್ ಕೊಟ್ಟ ಗಿಣ್ಣು ವಾಪಸ್ ಕೊಡು ಹೊನ್ನಪ್ಪಣ್ಣ. ಕರೀಗ್ ಬೇಕು.”

ಸಾಲು ಮೊದಲು ನಗಲಿಲ್ಲ, ಅಷ್ಟು ಆಶ್ಚರ್ಯವಾಗಿತ್ತು. ಹೊನ್ನಪ್ಪ ಎಲೆಅಡಿಕೆ ಉಗುಳಿ ಬಂದು, ಬಾಯಿ ಮುಕ್ಕಳಿಸಿ, ಪಂಚೆ ಸರಿಮಾಡಿ ಕೂತು, ಆ ಮೇಲೆ ಶುರುಮಾಡಿದ.

“ಕೊಟ್ಟ ಎಣ್ಣು ಕುಲಕ್ ಹೊರಗು ಅಂತಾರೆ. ಕೊಟ್ಟ ಗಿಣ್ಣು ಎಲ್ಲಿಗ್ಲಾ?”

ಈಗ ನಗು ಬಂತು. ನಗು ಬಂದ ಮೇಲೆ ಹೊನ್ನಪ್ಪನಿಗೆ ಹುರುಪು ಬಂತು. ತನ್ನ ಅಜ್ಜನ ಕಾಲದಿಂದ ಆ ಊರಿನಲ್ಲಿ ಯಾರು ಯಾರಿಗೆ ಏನೇನು ಕೊಟ್ಟರು, ಒಬ್ಬನಾದರೂ ವಾಪಸ್ಸು ಕೇಳಿದ್ದುಂಟೇ ಎಂದು ವಂಶಾವಳಿ ಸಮೇತ ಹೇಳತೊಡಗಿದ. ಕೊಡುವುದಿಲ್ಲವೆಂದು ಅವನು ಹೇಳಲಿಲ್ಲ. ಕೊಡುವವನೇ. ಆದರೆ ಇಂಥ ಸಂಜೆ ಮತ್ತೆ ಮತ್ತೆ ಬರುವುದಿಲ್ಲ. ಚಿಕ್ಕಸ್ವಾಮಿ ಹಲ್ಲು ಕಚ್ಚಿ ನಿಂತ. ಮಾತಿನ ನಡುವೆ ಕೆ.ಆರ್. ಪೇಟೆಯ ಬಸ್ಸು ಬಂದು ನಿಂತು ಹೋಯಿತು. ಇಳಿದ ಪಾರ್ವತಮ್ಮ ಬ್ಯಾಗು ಹಿಡಿದು ಗಂಡನ ಭಾಷಣದತ್ತ ಒಮ್ಮೆ ನೋಡಿ ಮನೆಯ ದಾರಿ ಹಿಡಿದಳು. ಹೊನ್ನಪ್ಪ ಇನ್ನೂ ಅಜ್ಜನ ಕಾಲದಲ್ಲೇ ಇದ್ದ.

“ಅಧ್ಯಕ್ಷರೇ,” ಅಂದ ತಮ್ಮಯ್ಯ, ಹಾಲು ಅಳೆಯುತ್ತಲೇ. “ಅಮ್ಮಾರು ಫ್ರಿಜ್ ತಗುದ್ರೆ ಗಿಣ್ಣು ಕಾಯ್ಸ್ಬುಟ್ಟಾರು.”

ಚಿಕ್ಕಸ್ವಾಮಿ ಓಡಿದ. ಎದುರಿಗೆ ಬಂದ ಕುರಿ ಮಂದೆಯನ್ನು ಸೀಳಿಕೊಂಡು ಓಡಿದ. ಹೊನ್ನಪ್ಪನ ಮನೆಯ ನಡುಮನೆಗೆ ನುಗ್ಗಿದಾಗ ಪ್ಲಾಸ್ಟಿಕ್ ಗಿಳಿ ನೆಲಕ್ಕೆ ಬಿತ್ತು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು, ಮೇಲೆ ನೀರು ಕುದಿಯುತ್ತಿತ್ತು, ಪಕ್ಕದಲ್ಲಿ ಕುಟ್ಟಿದ ಬೆಲ್ಲದ ಗುಡ್ಡೆ. ಪಾರ್ವತಮ್ಮ ಚೊಂಬನ್ನು ಪಾತ್ರೆಗೆ ಬಗ್ಗಿಸುತ್ತಿದ್ದಳು. ಅವನು ಎರಡೂ ಕೈಯಲ್ಲಿ ಚೊಂಬು ಹಿಡಿದ. ಅವಳೂ ಬಿಡಲಿಲ್ಲ. ಹೀಗೆ ಒಂದೇ ಚೊಂಬಿಗೆ ನಾಲ್ಕು ಕೈಯಾಗಿ, ಒಬ್ಬರ ಮುಖ ಒಬ್ಬರು ನೋಡಿದರು. ಏದುಸಿರಿನ ನಡುವೆ ಅವನು ಕರು, ಡಾಕ್ಟರು, ಕರುಳು, ಹಸಿಯದೇ ಆಗಬೇಕು ಎಂದು ನಾಲ್ಕು ತುಂಡು ಮಾತು ಉದುರಿಸಿದ.

ಪಾರ್ವತಮ್ಮ ಕೈ ಬಿಟ್ಟಳು. ಪಾತ್ರೆಗೆ ಬಿದ್ದಿದ್ದಷ್ಟನ್ನೂ ವಾಪಸ್ಸು ಚೊಂಬಿಗೆ ಬಗ್ಗಿಸಿದಳು.

“ನಮ್ ಮಗಳ ಅತ್ತೆನೂ ಇದೇ ಮಾಡಕ್ ಓಗಿದ್ಲು ಕನಪ್ಪ. ಮೊದಲ್ನೇ ಹಾಲು ಕೂಸಿಗ್ ಆಗಕಿಲ್ಲ, ಹಿಂಡಿ ಚೆಲ್ಬೇಕು ಅಂದ್ಲು. ನರ್ಸಮ್ಮ ಬಂದು ಬಾಯಿಗ್ ಬಂದಂಗೆ ಬೈದ್ಲು.” ಚೊಂಬಿಗೆ ಟವಲು ಮುಚ್ಚಿ ಕೊಡುತ್ತ ಕೇಳಿದಳು, “ಎಣ್ಗರವಾ?”

ಅವನು ತಲೆಯಾಡಿಸಿದ.

“ಓಗು ಬೇಗ. ಉಗುರು ಬೆಚ್ಚಗ್ ಮಾಡು, ಕುದುಸ್ಬೇಡ.”

ಗಿಣ್ಣಿನ ಪಾತ್ರೆ ಬರಿದಾಗಿ ಹಿಂದಿರುಗಬಾರದೆಂಬ ಶಾಸ್ತ್ರವನ್ನು ಆ ಊರಿನಲ್ಲಿ ಯಾವ ಪಾತ್ರೆಯೂ ಆ ಚೊಂಬಿನಷ್ಟು ನಿಷ್ಠೆಯಿಂದ ಪಾಲಿಸಿರಲಾರದು. ದೊಡ್ಡತಾಯಮ್ಮ ಅದನ್ನು ಕೈಗೆ ತೆಗೆದುಕೊಂಡಳು. ನೀರು ಕಾಯಿಸಿ ಅದರೊಳಗೆ ಚೊಂಬಿಟ್ಟು ಬೆಚ್ಚಗೆ ಮಾಡಿದಳು. ಕರುವಿನ ತಲೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬಿದಿರಿನ ಗೊಟ್ಟದಲ್ಲಿ ಗುಟುಕು ಗುಟುಕಾಗಿ ಬಿಟ್ಟಳು. ಮೊದಲ ಗುಟುಕು ಕಟವಾಯಿಂದ ಅವಳ ಸೀರೆಗೇ ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದಕ್ಕೆ ಗಂ‌ಟಲು ಅಲ್ಲಾಡಿತು. ಊರಿನವರಿಗೆಲ್ಲ ಹಂಚಿದ ಕೈ ಅದು, ಈಗ ಸೀರೆಗೆ ಬಿದ್ದ ಹನಿಯನ್ನೂ ಬೆರಳಿಂದ ತೆಗೆದು ಕರುವಿನ ನಾಲಿಗೆಗೆ ಸವರುತ್ತಿತ್ತು. ಮಗ ಅದನ್ನು ಕಂಡೂ ಕಾಣದವನಂತೆ ಕರುವಿನ ಹಿಂಭಾಗ ಒರೆಸುತ್ತಿದ್ದ.

ಮುಂದಿನ ದಿನಗಳಲ್ಲಿ ಆ ಮನೆಯ ಮಾತೆಲ್ಲ ಸಗಣಿಯದೇ ಆಯಿತು. ತಾಯಿ ಹೊಲದಿಂದ ಬಂದರೆ ಮೊದಲು ಕೇಳುವುದು ಹೇಗಿತ್ತು ಎಂದು. ಮಗ ನೀರಿನಂತೆ ಎನ್ನುವನು, ಆ ಮೇಲೆ ಅಂಬಲಿಯಂತೆ ಎಂದ, ಆ ಮೇಲೆ ಒಂದು ಬೆಳಿಗ್ಗೆ ರಾಗಿ ಗಂಜಿಯಂತೆ ಎಂದ. ಊಟಕ್ಕೆ ಕೂತಾಗ ಇಂಥ ಹೋಲಿಕೆ ಬೇಡವೆಂದು ಇಬ್ಬರಿಗೂ ಅನ್ನಿಸಲಿಲ್ಲ. ಡಾಕ್ಟರು ಕರೆಯದೆಯೇ ಎರಡು ಸಲ ಬಂದು ಸೂಜಿ ಕೊಟ್ಟು, ಕಾಫಿಯನ್ನೂ ಕುಡಿಯದೆ ಹೋದರು. ಹೋಗುವಾಗ ಸ್ಟೀಲ್ ಡಬ್ಬಿ ಬಿಟ್ಟುಹೋದರು. ಅದರೊಳಗೆ ಗ್ಲೂಕೋಸ್ ಪೊಟ್ಟಣಗಳಿದ್ದವು.

ಡೈರಿಗೆ ಹಾಲು ಹಾಕುವ ದಿನ ಬಂತು. ಕಾರ್ತೀಕದ ಚಳಿ, ಕೆರೆಯ ಮೇಲೆ ಮಂಜು. ಚಿಕ್ಕಸ್ವಾಮಿ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಬಂದ. ಹಗ್ಗದ ತುದಿಯಲ್ಲಿ ಕರು, ಇನ್ನೂ ಪಕ್ಕೆಲುಬು ಕಾಣುವಂತಿದ್ದರೂ, ದಾರಿಯ ಪ್ರತಿ ಕಲ್ಲನ್ನೂ ಮೂಸುತ್ತ ಬರುತ್ತಿತ್ತು. ಸಾಲು ಮಾತು ನಿಲ್ಲಿಸಿತು. ತಮ್ಮಯ್ಯ ಹಾಲು ಅಳೆದು ಹಾಕಿಕೊಂಡು, ಚೆನ್ನಾಗಿದೆ ಎಂಬಂತೆ ತಲೆ ತೂಗಿದ.

ಜಗುಲಿಯ ಮೇಲೆ ಹೊನ್ನಪ್ಪ ಕೆಮ್ಮಿದ.

“ನೋಡ್ರಪ್ಪ, ನಮ್ ಫ್ರಿಜ್ಜು ಉಳಿಸ್ದ ಕರ. ಅದ್ಕೆ ಫ್ರಿಜ್ಜಮ್ಮ ಅಂತ ಎಸ್ರು ಮಡಗ್ಬೇಕು.” ಎಲ್ಲರೂ ನಗುವ ತನಕ ಕಾದು, ಚಿಕ್ಕಸ್ವಾಮಿಯ ಕಡೆ ಬಗ್ಗಿದ. “ಏನ್ಲಾ, ಕೆರೆತಾವ ನನ್ ಕಾಲ್ಗ್ ಬಿದ್ದಿದ್ದು ಸಾರ್ಥಕ ಆಯ್ತಾ ಇಲ್ವಾ? ನಿನ್ ಬಾಯಲ್ಲೇ ಏಳು.”

ಉತ್ತರವೇನೋ ಚಿಕ್ಕಸ್ವಾಮಿಯ ಬಳಿ ಇತ್ತು. ಎಷ್ಟೋ ದಿನದಿಂದ ಮಸೆದು ಇಟ್ಟುಕೊಂಡಿದ್ದ. ಕೆರೆಯ ದಡದಲ್ಲಿ ತಾನು ಬಾಚಿದ್ದು ಯಾರ ದೃಷ್ಟಿ ತೆಗೆಯುವ ಮಣ್ಣು ಎಂದು ಒಂದು ಮಾತು ಹೇಳಿದ್ದರೆ ಹೊನ್ನಪ್ಪನ ಮುಖ ಸಾಲಿನವರೆಲ್ಲ ನೋಡುವಂತಾಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಸಾಲು ಕಿವಿ ನಿಮಿರಿಸಿತು.

ಆಗ ಕರು ಬಾಲ ಎತ್ತಿತು.

ಚಿಕ್ಕಸ್ವಾಮಿ ಬಾಯಿ ಮುಚ್ಚಿ ಅದರ ಕಡೆ ತಿರುಗಿದ. ಸಾಲೂ ತಿರುಗಿತು. ಹೊನ್ನಪ್ಪನೂ ಜಗುಲಿಯಿಂದ ಕತ್ತು ಚಾಚಿದ. ಕರು ಬೆನ್ನು ಬಿಲ್ಲಿನಂತೆ ಮಾಡಿ, ಕಣ್ಣು ಕಿರಿದು ಮಾಡಿ, ಸ್ವಲ್ಪ ಹೊತ್ತು ಯೋಚಿಸಿ, ಜಗುಲಿಯ ಕೆಳಗೆ ಬಿಟ್ಟಿದ್ದ ಹೊನ್ನಪ್ಪನ ಎಡಗಾಲ ಚಪ್ಪಲಿಯ ಪಕ್ಕದಲ್ಲಿ ಒಂದು ಮುದ್ದೆ ಇಳಿಸಿತು. ಹಳದಿ ಬಣ್ಣ. ನೆಲಕ್ಕೆ ಬಿದ್ದರೂ ಹರಡಲಿಲ್ಲ, ಬಿದ್ದ ಹಾಗೆಯೇ ಗಟ್ಟಿಯಾಗಿ ಕೂತುಕೊಂಡಿತು.

ಅವನು ಬಗ್ಗಿ ಅದನ್ನು ಚೆನ್ನಾಗಿ ನೋಡಿದ. ಆ ಮೇಲೆ ಖಾಲಿ ಕ್ಯಾನನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಹಗ್ಗವನ್ನು ಒಂದು ಸುತ್ತು ಕೈಗೆ ಸುತ್ತಿ, ಮನೆಯ ದಾರಿ ಹಿಡಿದ. ಏನ್ಲಾ, ಕೇಳಿದ್ದು ನಿನ್ನನ್ನೇ, ಎಂದು ಹೊನ್ನಪ್ಪ ಹಿಂದಿನಿಂದ ಕೂಗುತ್ತಲೇ ಇದ್ದ. ಕರು ಎರಡು ಹೆಜ್ಜೆ ಹಿಂದೆ ಬಿದ್ದು, ಒಂದು ನೆಗೆತಕ್ಕೆ ಅವನನ್ನು ಕೂಡಿಕೊಂಡಿತು. ಚಪ್ಪಲಿಯ ಪಕ್ಕದಿಂದ ತೆಳ್ಳಗೆ ಆವಿ ಎದ್ದು, ಚಳಿಯಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ ಮಂಜಿನಲ್ಲಿ ಬೆರೆಯುತ್ತಿತ್ತು.